ರಾತ್ರಿ ಮೊಸರಿಗೆ ಬೈಯುವವರು ಗಡ್‌ಬಡ್‌ಗೆ ಏನೂ ಹೇಳುವುದಿಲ್ಲ

ನಮ್ಮ ಉಡುಪಿ ಕಡೆ ರಾತ್ರಿ ಊಟಕ್ಕೆ ಮೊಸರು ಹಾಕಿಕೊಂಡರೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ, "ರಾತ್ರಿ ಮೊಸರು ಬೇಡ ಮಾರಾಯ, ಶೀತ ಆಗ್ತದೆ." ಆಯುರ್ವೇದದಲ್ಲೂ ರಾತ್ರಿ ಮೊಸರು ಬೇಡ ಅಂತ ಉಂಟು, ಸರಿ. ಆದರೆ ಅದೇ ಜನ ಮದುವೆ ರಿಸೆಪ್ಶನ್ನಿಗೆ ಹೋಗಿ, ಹತ್ತು ಗಂಟೆಗೆ ಎರಡೆರಡು ಸಲ ಐಸ್‌ಕ್ರೀಮ್ ಹಾಕಿಸಿಕೊಂಡು, ಮನೆಗೆ ಬಂದ ಕೂಡಲೇ ಮಲಗಿಬಿಡುತ್ತಾರೆ. ಅದಕ್ಕೆ ಯಾರ ತಕರಾರೂ ಇಲ್ಲ!

ರಾತ್ರಿ ಹಾಲಿನದ್ದು ಏನೂ ಬೇಡ ಅಂತ ಒಂದೇ ಏಟಿಗೆ ಹೇಳುವುದನ್ನು ನಾನು ಒಪ್ಪುವುದಿಲ್ಲ. ಯಾವುದು ತಿಂದಿರಿ, ಎಷ್ಟು ತಿಂದಿರಿ, ತಿಂದ ಮೇಲೆ ಎಷ್ಟು ಹೊತ್ತಿಗೆ ಮಲಗಿದಿರಿ, ಇದನ್ನೆಲ್ಲ ನೋಡಬೇಕು ಅಲ್ವಾ?

ಮೊದಲು ಹಾಲು. ಹಾಲಿನಲ್ಲಿ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಇದೆ. ಒಂದು ದೊಡ್ಡ ಲೋಟ ಅಂದರೆ 200 ಮಿಲಿ ಹಾಲಿನಲ್ಲಿ ಸುಮಾರು 10 ಗ್ರಾಂ. ಇದನ್ನು ಒಡೆಯುವುದಕ್ಕೆ ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಅನ್ನುವ ಕಿಣ್ವ (ಎಂಜೈಮ್) ಬೇಕು. ಮಗುವಾಗಿದ್ದಾಗ ಅದು ಬೇಕಾದಷ್ಟು ಇರುತ್ತದೆ, ದೊಡ್ಡವರಾಗುತ್ತಾ ಬಹಳ ಜನರಲ್ಲಿ ಕಮ್ಮಿಯಾಗುತ್ತದೆ. ಆಗ ಜೀರ್ಣವಾಗದ ಸಕ್ಕರೆ ನೇರ ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿ ಬರಿಸುತ್ತವೆ, ಗ್ಯಾಸ್, ಹೊಟ್ಟೆ ಉಬ್ಬರ, ಗುಡುಗುಡು ಸದ್ದು, ಕೆಲವರಿಗೆ ಬೆಳಿಗ್ಗೆ ಎದ್ದ ಕೂಡಲೇ ಓಟ. ಇದು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಶುರುವಾಗುತ್ತದೆ. ಹತ್ತು ಗಂಟೆಗೆ ಕುಡಿದರೆ ಸರಿಯಾಗಿ ನಿದ್ದೆ ಹತ್ತುವ ಹೊತ್ತಿಗೆ. ಹಗಲು ಕುಡಿದಾಗಲೂ ಆಗಿರುತ್ತದೆ, ಆದರೆ ಆಗ ಓಡಾಟದಲ್ಲಿ ಗಮನಕ್ಕೆ ಬರುವುದಿಲ್ಲ.

ಅರಿಶಿನ ಹಾಕಿ ಚೆನ್ನಾಗಿ ಕುದಿಸಿದರೆ ಸರಿಯಾಗುತ್ತದೆ ಅಂತ ನಮ್ಮತ್ತೆಯ ನಂಬಿಕೆ. ಎಷ್ಟು ಕುದಿಸಿದರೂ ಲ್ಯಾಕ್ಟೋಸ್ ಹೋಗುವುದಿಲ್ಲ ಅತ್ತೆ, ನೀರು ಆರಿ ಇನ್ನೂ ಗಟ್ಟಿಯಾಗುತ್ತದೆ ಅಷ್ಟೇ. ಹಾಗಂತ ಹಾಲೇ ಬಿಡಬೇಕಿಲ್ಲ. ಲ್ಯಾಕ್ಟೋಸ್ ಆಗದವರಲ್ಲೂ ಹೆಚ್ಚಿನವರಿಗೆ ಒಂದು ಲೋಟದಷ್ಟು, ಅದೂ ಊಟದ ಜೊತೆ ಕುಡಿದರೆ, ದೊಡ್ಡ ತೊಂದರೆ ಆಗುವುದಿಲ್ಲ.

ಈಗ ಗಡ್‌ಬಡ್‌ಗೆ ಬರೋಣ. ಉದ್ದ ಗ್ಲಾಸು, ಅದಕ್ಕೆ ತಕ್ಕ ಉದ್ದ ಚಮಚ. ಅಡಿಯಲ್ಲಿ ಕೆಂಪು ಜೆಲ್ಲಿ, ಮೇಲೆ ಹಣ್ಣಿನ ಚೂರು, ಬೇರೆ ಬೇರೆ ಐಸ್‌ಕ್ರೀಮು ಒಂದರ ಮೇಲೊಂದು, ನಡುನಡುವೆ ಗೋಡಂಬಿ, ದ್ರಾಕ್ಷಿ. ಚಮಚ ಅಡಿ ಮುಟ್ಟುವಷ್ಟರಲ್ಲಿ ಎಲ್ಲ ಕರಗಿ ಒಂದೇ ಬಣ್ಣ ಆಗಿರುತ್ತದೆ, ನನ್ನ ಪ್ರಕಾರ ಅದರ ರುಚಿ ಇರುವುದೇ ಆ ಕೊನೆಯ ಎರಡು ಚಮಚದಲ್ಲಿ. ಇದನ್ನು ಉಡುಪಿಯವರು ನಮ್ಮದು ಅನ್ನುತ್ತಾರೆ, ಮಂಗಳೂರಿನವರು ಕೇಳಿದರೆ ಸುಮ್ನೆ ನಗುತ್ತಾರೆ, ಆ ಜಗಳ ಬೇಡ. ಹೊಟ್ಟೆಯ ಲೆಕ್ಕ ನೋಡಿ: ಲ್ಯಾಕ್ಟೋಸ್ ಉಂಟು, ಸಕ್ಕರೆ ಉಂಟು, ಜೊತೆಗೆ ಕೊಬ್ಬು. ಕೊಬ್ಬು ಜಾಸ್ತಿ ಇದ್ದರೆ ಹೊಟ್ಟೆ ಖಾಲಿಯಾಗುವುದು ನಿಧಾನ. ಕೆಳಗೆ ಮೊದಲೇ ಬಿರಿಯಾನಿಯೋ ಪೂರಿಯೋ ಇರುತ್ತದೆ. ತುಂಬಿದ ಹೊಟ್ಟೆಯಲ್ಲಿ ಅಡ್ಡ ಬಿದ್ದರೆ ಅನ್ನನಾಳಕ್ಕೆ ಆಮ್ಲ ಮೇಲೆ ಬರುತ್ತದೆ, ಎದೆಯುರಿ, ಹುಳಿತೇಗು. ಅದಕ್ಕೇ ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಅಂತರ ಇರಲಿ ಅಂತ ಡಾಕ್ಟರುಗಳು ಹೇಳುವುದು. ಆಗಲೇ ಇಲ್ಲ ಅಂದರೆ ಎಡ ಮಗ್ಗುಲಿಗೆ ಮಲಗಿ, ಸ್ವಲ್ಪ ಆರಾಮ ಆಗುತ್ತದೆ.

ಎದೆಯುರಿಗೆ ತಣ್ಣಗಿನ ಹಾಲು ಕುಡಿಯುವ ಮದ್ದು ಬಹಳ ಮನೆಗಳಲ್ಲಿ ಉಂಟು. ಕುಡಿದ ಕೂಡಲೇ ತಂಪಾಗುವುದು ನಿಜ. ಆದರೆ ಹಾಲಿನ ಪ್ರೋಟೀನು, ಕ್ಯಾಲ್ಸಿಯಂ ಸೇರಿ ಹೊಟ್ಟೆಗೆ ಮತ್ತೆ ಆಮ್ಲ ಸುರಿಸಲು ಹೇಳುತ್ತವೆ. ಹಾಗಾಗಿ ಆ ಆರಾಮ ತುಂಬ ಹೊತ್ತು ನಿಲ್ಲುವುದಿಲ್ಲ.

ಬೈಗುಳ ತಿನ್ನುವ ಮೊಸರಿನ ಕಥೆ ನೋಡಿದರೆ ಪಾಪ ಅನಿಸುತ್ತದೆ. ಹೆಪ್ಪು ಹಾಕಿದಾಗಲೇ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸನ್ನು ಒಂದಷ್ಟು ತಿಂದಿರುತ್ತವೆ, ಉಳಿದದ್ದನ್ನು ಕರುಳಿನಲ್ಲಿ ಒಡೆಯುವುದಕ್ಕೂ ಕೈ ಜೋಡಿಸುತ್ತವೆ. ನಮ್ಮಜ್ಜಿ ಮಾಡುತ್ತಿದ್ದ ಮಜ್ಜಿಗೆಯಂತೂ ಇನ್ನೂ ಹಗುರ. ಕಡೆದು ಬೆಣ್ಣೆ ತೆಗೆದು, ಬೇಕಾದಷ್ಟು ನೀರು ಸೇರಿಸಿ, ಶುಂಠಿ, ಕರಿಬೇವು ಜಜ್ಜಿ ಹಾಕಿ, ಚಿಟಿಕೆ ಇಂಗು. ಕೊಬ್ಬು ಬೆಣ್ಣೆಯ ಜೊತೆ ಹೋಯಿತು, ನೀರು ಸೇರಿದ್ದರಿಂದ ಲ್ಯಾಕ್ಟೋಸೂ ಲೋಟಕ್ಕೆ ಸ್ವಲ್ಪವೇ. ಎಂಟು ಗಂಟೆಗೆ ಕುಚ್ಚಲಕ್ಕಿ ಅನ್ನಕ್ಕೆ ಇದನ್ನು ಹಾಕಿ ಉಂಡರೆ ಹೆಚ್ಚಿನವರ ಹೊಟ್ಟೆ ತಕರಾರು ಮಾಡುವುದಿಲ್ಲ. ಹುಳಿಗೆ ಎದೆಯುರಿ ಬರುವವರಿಗೆ ಮಾತ್ರ ಹುಳಿ ಮಜ್ಜಿಗೆ ಬೇಡ.

ನಿಮಗೆ ದಿನಾ ರಾತ್ರಿ ಉಬ್ಬರ ಬರುತ್ತಿದ್ದರೆ ಎರಡು ವಾರ ಹಾಲು, ಐಸ್‌ಕ್ರೀಮ್ ಬಿಟ್ಟು ನೋಡಿ, ಆಮೇಲೆ ಒಂದೊಂದೇ ಶುರುಮಾಡಿ, ಯಾವುದು ಅಂತ ಗೊತ್ತಾಗುತ್ತದೆ. ಲ್ಯಾಕ್ಟೋಸ್ ಇಲ್ಲದ ಹಾಲೂ ಸಿಗುತ್ತದೆ, ಬಾಯಿಗೆ ಸ್ವಲ್ಪ ಸಿಹಿ ಜಾಸ್ತಿ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ನುಂಗಲು ಕಷ್ಟವಾದರೆ ಈ ಪ್ರಯೋಗ ಎಲ್ಲ ಬೇಡ, ಸೀದಾ ಡಾಕ್ಟರ ಹತ್ತಿರ ಹೋಗಿ. ಗಡ್‌ಬಡ್ ತಿನ್ನಲೇಬೇಕು ಅನಿಸಿದರೆ ಸಂಜೆ ನಾಲ್ಕಕ್ಕೆ ಹೋಗಿ ಮಾರಾಯ್ರೆ, ಆಗ ರಶ್ಶೂ ಕಮ್ಮಿ.