ಒಳ್ಳೆಮೆಣಸು, ಕಾಡುಗೆಣಸು, ಕರಿಗೇರು

ಪುತ್ತೂರಿನ ನಾನು ಮದುವೆಯಾಗಿ ತುಮಕೂರಿಗೆ ಬಂದಾಗ ಅಡುಗೆಮನೆಯಲ್ಲಿ ಮೊದಲು ತಕರಾರಿಗೆ ಬಿದ್ದ ಪದ ಮೆಣಸು. ನಮ್ಮ ಕಡೆ ಮೆಣಸು ಎಂದರೆ ಖಾರದ ಕೆಂಪು ಕಾಯಿ. ಅತ್ತೆಯವರಿಗೆ ಅದು ಕಪ್ಪು ಕಾಳು. ಆ ಕಾಳಿಗೆ ನಾವು ಒಳ್ಳೆಮೆಣಸು ಎನ್ನುತ್ತೇವೆ, ತುಳುವಿನಲ್ಲಿ ಎಡ್ಡೆಮುಂಚಿ ಎಂದೆ. "ಹಾಗಾದರೆ ಇನ್ನೊಂದು ಕೆಟ್ಟದ್ದೇನಮ್ಮ?" ಎಂದರು. ನಕ್ಕುಬಿಟ್ಟೆವು. ಆದರೆ ಪ್ರಶ್ನೆ ಪಕ್ಕಾ ಸರಿಯಾದದ್ದು.

ಅಮೆರಿಕ ಮೂಲದ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬರುವ ಮೊದಲು ನಮಗಿದ್ದ ಮೆಣಸು ಬಳ್ಳಿಯಲ್ಲಿ ಬಿಡುವ ಕಾಳು ಮಾತ್ರ. ಹೊಸದು ಬಳ್ಳಿಯಲ್ಲ, ಕಾಳೂ ಅಲ್ಲ. ಹೋಲಿಕೆಯೆಲ್ಲ ನಾಲಗೆಯ ಮೇಲೆ. ಜನ ನಾಲಗೆಯನ್ನೇ ನಂಬಿ ಹೆಸರಿಟ್ಟರು. ಕ್ರಮೇಣ ಕರಾವಳಿಯಲ್ಲಿ ಹೊಸಬನೇ ಬರೀ 'ಮೆಣಸು' ಆದ. ಹಳಬನಿಗೆ 'ಒಳ್ಳೆ' ಎಂಬ ವಿಶೇಷಣ ಅಂಟಿಕೊಂಡಿತು. ತುಮಕೂರಿನಲ್ಲಿ ಹಳಬ ಹಟ ಹಿಡಿದು ಉಳಿದಿದ್ದಾನೆ, ಆದರೂ ಅಂಗಡಿಯ ಚೀಟಿಯಲ್ಲಿ ಅವನು ಕಾಳುಮೆಣಸು.

ಗೆಣಸಿನದೂ ಇದೇ ಪಾಡು. ಈಗ ಗೆಣಸು ಎಂದರೆ ಅಮೆರಿಕದಿಂದ ಬಂದ ಸಿಹಿಗೆಣಸು. ಸೋಲಿಗರೂ ಜೇನುಕುರುಬರೂ ತಲೆತಲಾಂತರದಿಂದ ಅಗೆದು ತಿನ್ನುವ ಈ ನೆಲದ ಗೆಣಸು ನಮ್ಮ ಬಾಯಲ್ಲಿ ಕಾಡುಗೆಣಸು.

ನನಗೆ ಹೆಚ್ಚು ಇಷ್ಟವಾದದ್ದು ಗೇರಿನ ಕಥೆ. ನಮ್ಮೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವೇ ಇದೆ. ಅಲ್ಲಿ ಗೇರು ಎಂದರೆ ಬ್ರೆಜಿಲ್ ಕಡೆಯಿಂದ ಪೋರ್ಚುಗೀಸರು ತಂದ ಮರ. ಆದರೆ ನಮ್ಮ ಕಾಡುಗಳಲ್ಲಿ ಅದಕ್ಕೂ ಹಿಂದಿನಿಂದ ಒಂದು ಗೇರು ಇದೆ. ಅದರ ಕಾಯಿಯ ಕಪ್ಪು ರಸದಿಂದ ಅಗಸರು ಬಟ್ಟೆಗೆ ಅಳಿಯದ ಗುರುತು ಹಾಕುತ್ತಿದ್ದರು. ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ. ಹೊಸ ಮರ ಬಂದಾಗ ಜನ ನೋಡಿದ್ದೇನು? ಅದರಲ್ಲೂ ಬೀಜ ಹಣ್ಣಿನ ಹೊರಗೆ ಜೋತಿದೆ. ಹಣ್ಣು ಎನ್ನುವುದು ಉಬ್ಬಿದ ತೊಟ್ಟು. ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಇದೂ ಗೇರೇ ಎಂದರು. ಸಸ್ಯವಿಜ್ಞಾನಿಗಳೂ ಎರಡನ್ನೂ ಒಂದೇ ಕುಟುಂಬಕ್ಕೆ ಸೇರಿಸುತ್ತಾರೆ, ಮಾವು ಕೂಡ ಅದರಲ್ಲಿದೆ. ಮೆಣಸಿನಲ್ಲಿ ನಾಲಗೆ ಹೇಳಿದ್ದು ಸಸ್ಯಶಾಸ್ತ್ರಕ್ಕೆ ಒಪ್ಪಿಗೆಯಾಗದು. ಇಲ್ಲಿ ಕಣ್ಣು ಮತ್ತು ಚರ್ಮ ಹೇಳಿದ್ದು ಒಪ್ಪಿಗೆಯಾಯಿತು. ಕೊನೆಗೆ ಹಳೆಯ ಮರಕ್ಕೆ ಉಳಿದದ್ದು 'ಕರಿಗೇರು'. ಗೋಡಂಬಿ ಎಂಬ ಹೆಸರೂ ಕೈತಪ್ಪಿತು: ಮರಾಠಿಯಲ್ಲಿ ಇಂದಿಗೂ ಗೋಡಂಬಿ ಎಂದರೆ ಈ ಕರಿಗೇರಿನ ತಿರುಳು.

ಓದು ಬಾರದವರು ಹೆಸರು ಕಲಸಿಬಿಟ್ಟರು ಎಂದು ಮೂಗು ಮುರಿಯುವವರಿಗೆ, ಗಿಡಮರಗಳಿಗೆ ಎರಡು ಪದದ ಲ್ಯಾಟಿನ್ ಹೆಸರಿಡುವ ಪದ್ಧತಿ ನೆಲೆಗೊಳಿಸಿದ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್‌ನನ್ನು ತೋರಿಸುತ್ತೇನೆ. ಯುರೋಪಿನ ಹಳೆಯ ಔಷಧಗ್ರಂಥಗಳಲ್ಲಿ ಅನಕಾರ್ಡಿಯಂ ಎಂದರೆ ನಮ್ಮ ಕರಿಗೇರು. 1753ರಲ್ಲಿ ಆತ ಆ ಹೆಸರನ್ನು ಎತ್ತಿ ಅಮೆರಿಕದ ಗೇರಿಗೆ ಕೊಟ್ಟ. ಕರಿಗೇರಿಗೆ ಬೇರೆ ಹೆಸರು ಹುಡುಕುವ ಕೆಲಸ ಮಗನ ಪಾಲಿಗೆ ಬಂತು: ಸೆಮಿಕಾರ್ಪಸ್ ಅನಕಾರ್ಡಿಯಂ. ಹಳೆಯ ಹೆಸರು ಬಾಲವಾಗಿ ಉಳಿಯಿತು.

ಮೆಕ್ಸಿಕೋದ ಚಿಯಾಪಾಸ್ ಬೆಟ್ಟಗಳ ತ್ಸೆಲ್ತಾಲ್ ಭಾಷೆಯಲ್ಲಿ ಗಿಡಮರಗಳ ಹೆಸರುಗಳನ್ನು ಬ್ರೆಂಟ್ ಬರ್ಲಿನ್ ಎಂಬ ವಿದ್ವಾಂಸ ಇಬ್ಬರು ಸಸ್ಯಶಾಸ್ತ್ರಜ್ಞರ ಜೊತೆ ಕೂಡಿ ದಾಖಲಿಸಿ 1974ರಲ್ಲಿ ಪ್ರಕಟಿಸಿದ. ಮೂಲ ಹೆಸರುಗಳೇ 471. ಮರಕ್ಕೆ ಪದವಿದೆ, ಬಳ್ಳಿಗಿದೆ, ಹುಲ್ಲಿಗಿದೆ. ಎಲ್ಲವನ್ನೂ ಒಳಗೊಳ್ಳುವ 'ಸಸ್ಯ'ಕ್ಕೆ ದಿನಬಳಕೆಯ ಪದವಿಲ್ಲ. ನಮಗೆ ಮಾತ್ರ ಎಲ್ಲಿದೆ? ಸಂಸ್ಕೃತದಿಂದ ಸಸ್ಯವನ್ನು ಎರವಲು ತಂದೆವು, ಮನೆಯಲ್ಲಿ ಇಂದಿಗೂ ಗಿಡಮರ ಎನ್ನುತ್ತೇವೆ.

ಅದೇ ಭಾಷೆಯಲ್ಲಿ ಜಿಂಕೆಗೆ 'ಚಿಹ್' ಎನ್ನುತ್ತಿದ್ದರು. ಸ್ಪೇನಿನವರು ಕುರಿ ತಂದಾಗ ಅದು 'ಹತ್ತಿಯ ಚಿಹ್' ಆಯಿತು. ಕುರಿ ಮನೆಮನೆಯ ಪ್ರಾಣಿಯಾದ ಮೇಲೆ ಬರೀ ಚಿಹ್ ಎಂದರೆ ಕುರಿಯೇ. ಜಿಂಕೆ 'ಕಾಡಿನ ಚಿಹ್' ಆಯಿತು. ಗೆಣಸಿಗೂ ಕಾಡುಗೆಣಸಿಗೂ ಆದದ್ದೇ ಇದು. ದಿನವೂ ಕೈಗೆ ಸಿಗುವುದಕ್ಕೆ ಚಿಕ್ಕ ಹೆಸರು, ಅಪರೂಪದ್ದಕ್ಕೆ ಉದ್ದನೆಯದು. ಮೊದಲು ಬಂದವರು ಯಾರು ಎಂದು ಭಾಷೆ ವಿಚಾರಿಸುವುದಿಲ್ಲ.

ಹಾಗೆಂದು ಎಲ್ಲ 'ಕಾಡು'ಗಳ ಹಿಂದೆಯೂ ಕಳೆದುಹೋದ ಹೆಸರನ್ನು ಹುಡುಕಬೇಡಿ, ಕಾಡುಮಲ್ಲಿಗೆ ಮೊದಲಿನಿಂದಲೂ ಕಾಡುಮಲ್ಲಿಗೆಯೇ ಇರಬಹುದು. ಆದರೆ ಇಲ್ಲಿನ ಸಂತೆಯಲ್ಲಿ ಅದೇ ಆಟ ಈಗ ಕಣ್ಣೆದುರೇ ನಡೆಯುತ್ತಿದೆ. ಗಟ್ಟಿ ಸಿಪ್ಪೆಯ ಹೈಬ್ರಿಡ್ ಹಣ್ಣಿಗೆ ಬರೀ ಟೊಮೆಟೊ ಎನ್ನುತ್ತಾರೆ. ಹಿಂದಿನ ಹುಳಿ ಹಣ್ಣು ಬೇಕಿದ್ದರೆ 'ನಾಟಿ' ಎಂದು ಕೇಳಬೇಕು. ಅದೂ ಅಮೆರಿಕದಿಂದಲೇ ಬಂದದ್ದು.