ಎರಡು ಫೋನು, ಎರಡು ಚಪ್ಪಾಳೆ

ಕ್ಲಾಸಿಗೆ ಮೊಬೈಲ್ ತರೋಕೆ ಬಿಡ್ತೀರಾ ಅಂತ ತುಂಬಾ ಜನ ಕೇಳುತ್ತಾರೆ. ದಿನಾ ಬಿಡುವುದಿಲ್ಲ. ಏನನ್ನಾದರೂ ಅಳೆಯುವ ಪಾಠ ಇದ್ದ ದಿನ ಮಾತ್ರ ನಾನೇ ತರಲು ಹೇಳುತ್ತೇನೆ.

ಮೊದಲು ಹೀಗಿರಲಿಲ್ಲ. ಪ್ರಶ್ನೆ ಕೊಟ್ಟು ಫೋನಲ್ಲಿ ಹುಡುಕಿ ಅನ್ನುತ್ತಿದ್ದೆ. ಮಕ್ಕಳು ಮೊದಲು ಕಂಡ ಸಾಲನ್ನು ಹಾಗೇ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಎಲ್ಲರದ್ದೂ ಒಂದೇ ಉತ್ತರ. ಹಾಗಂದ್ರೆ ಏನು ಅಂತ ಕೇಳಿದರೆ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. ತುಂಬಾ ಬೇಜಾರಾಗಿತ್ತು.

ಆಮೇಲೆ ಫೈಫಾಕ್ಸ್ ಅನ್ನೋ ಆಪ್ ಸಿಕ್ಕಿತು. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದ ಭೌತಶಾಸ್ತ್ರದವರು 2016ರಲ್ಲಿ ಬಿಟ್ಟಿದ್ದು, ಪೂರ್ತಿ ಉಚಿತ. ಫೋನ್ ಅಡ್ಡ ಹಿಡಿದರೆ ಪರದೆ ತಿರುಗುತ್ತದಲ್ವಾ, ಅದಕ್ಕೆ ಒಳಗೊಂದು ಸೆನ್ಸರ್ ಇದೆ. ಬೆಳಕಿಗೆ, ಅಯಸ್ಕಾಂತಕ್ಕೆ ಬೇರೆ ಬೇರೆ ಸೆನ್ಸರ್, ಸದ್ದಿಗೆ ಮೈಕ್. ಇವು ಅಳೆದದ್ದನ್ನೆಲ್ಲ ಈ ಆಪ್ ಅಂಕಿಯಾಗಿ ತೋರಿಸುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಸದ್ದಿನ ವೇಗ ಅಳೆಯುವ ಪ್ರಯೋಗ. ಎರಡು ಫೋನನ್ನು ಐದು ಮೀಟರ್ ದೂರದಲ್ಲಿಡಿ. ಎರಡರಲ್ಲೂ ಸದ್ದಿಗೆ ಶುರುವಾಗಿ ಸದ್ದಿಗೇ ನಿಲ್ಲುವ ಸ್ಟಾಪ್‌ವಾಚ್ ಹಾಕಿ. ಮೊದಲ ಫೋನಿನ ಪಕ್ಕ ಒಬ್ಬರು ಚಪ್ಪಾಳೆ ತಟ್ಟಿದರೆ ಅದು ತಕ್ಷಣ ಓಡಲು ಶುರು ಮಾಡುತ್ತದೆ, ಎರಡನೆಯದು ಸದ್ದು ಅಲ್ಲಿಗೆ ತಲುಪಿದ ಮೇಲೆ. ಈಗ ಎರಡನೇ ಫೋನಿನ ಪಕ್ಕ ಇನ್ನೊಬ್ಬರು ತಟ್ಟಬೇಕು. ಅದು ತಕ್ಷಣ ನಿಲ್ಲುತ್ತದೆ, ಮೊದಲನೆಯದು ತಡವಾಗಿ. ಎರಡು ಫೋನು ತೋರಿಸುವ ಸಮಯದ ವ್ಯತ್ಯಾಸ ಅಂದ್ರೆ ಸದ್ದು ಆ ಐದು ಮೀಟರನ್ನು ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ, ಒಟ್ಟು ಹತ್ತು ಮೀಟರ್ ದಾಟಲು ಹಿಡಿದ ಸಮಯ. ಸುಮಾರು 0.029 ಸೆಕೆಂಡ್. ಹತ್ತನ್ನು ಇದರಿಂದ ಭಾಗಿಸಿದರೆ ಸೆಕೆಂಡಿಗೆ 345 ಮೀಟರ್ ಹತ್ತಿರ ಬರುತ್ತದೆ! ಎರಡು ಗಡಿಯಾರಕ್ಕೆ ಹೊಂದಾಣಿಕೆ ಮಾಡುವ ತಲೆನೋವೇ ಇಲ್ಲ. ಐದಲ್ಲ, ಹತ್ತು ಮೀಟರ್ ಯಾಕೆ ಅಂತ ಮಕ್ಕಳೇ ವಾದ ಮಾಡಿ, ಬೋರ್ಡ್ ಮೇಲೆ ಚಿತ್ರ ಬರೆದು ಬಗೆಹರಿಸಿಕೊಂಡರು. ಆ ಅರ್ಧ ಗಂಟೆಯಲ್ಲಿ ಯಾರೂ ಮೆಸೇಜ್ ನೋಡಲಿಲ್ಲ.

ಭಾಷೆಯ ಪಾಠದಲ್ಲೂ ಆಗುತ್ತದೆ. ಮಗು ತನ್ನ ಓದನ್ನು ರೆಕಾರ್ಡ್ ಮಾಡಿ ಕೇಳಿಸಿಕೊಂಡರೆ ಎಲ್ಲಿ ತಡವರಿಸಿದೆ ಅಂತ ತಾನೇ ಹಿಡಿಯುತ್ತದೆ, ನಾವು ಹೇಳಬೇಕಾಗಿಲ್ಲ.

ಫೋನ್ ಬೇಡವೇ ಬೇಡ ಅನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಫ್ರಾನ್ಸ್ 2018ರಲ್ಲಿ ಕಾನೂನು ಮಾಡಿ ಶಾಲೆಯಲ್ಲಿ ಮೊಬೈಲ್ ಬಳಕೆ ನಿಲ್ಲಿಸಿತು. ಆದರೆ ಪಾಠಕ್ಕಾಗಿ ಬಳಸಲು ಅಲ್ಲೂ ಅವಕಾಶ ಇಟ್ಟಿದ್ದಾರೆ, ಅದು ಸರಿ ಅಂತಲೇ ನನ್ನ ಅಭಿಪ್ರಾಯ. ನನ್ನ ಕ್ಲಾಸಲ್ಲಿ ನಾಲ್ಕು ಮಕ್ಕಳಿಗೆ ಒಂದು ಫೋನ್, ಅದೂ ಫ್ಲೈಟ್ ಮೋಡಿನಲ್ಲಿ. ಉಳಿದವು ಮೇಜಿನ ಮೇಲಿನ ಬುಟ್ಟಿಗೆ. ಯಾರ ಫೋನೋ ಅವರೇ ಕೊನೆತನಕ ಹಿಡಿದುಕೊಳ್ಳುವ ಹಾಗಿಲ್ಲ, ಕೈ ಬದಲಾಗಬೇಕು. ಮನೆಯಲ್ಲಿ ಫೋನ್ ಇಲ್ಲದ ಮಗು ಸುಮ್ನೆ ನೋಡುತ್ತಾ ಕೂರಬಾರದು, ಈ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು.

ಮೊನ್ನೆ ಒಬ್ಬಳು ಕೇಳಿದಳು, ಬಿಸಿ ಗಾಳಿಯಲ್ಲಿ ಸದ್ದು ಬೇಗ ಹೋಗುತ್ತಾ ಅಂತ. ಹೋಗುತ್ತದೆ, ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್ ಜಾಸ್ತಿ. ನಾನು ಉತ್ತರ ಹೇಳಲಿಲ್ಲ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆಯೋಣ ಅಂದೆ. ಇಷ್ಟು ಚಿಕ್ಕ ವ್ಯತ್ಯಾಸ ಕಾಣಲು ಐದು ಮೀಟರ್ ಸಾಲದು, ಎಷ್ಟು ದೂರ ಬೇಕು ಅಂತ ಅವರೇ ಲೆಕ್ಕ ಹಾಕುತ್ತಿದ್ದಾರೆ.