ಹಳೆಯ ವಿಡಿಯೋ ಗೇಮಿನ ಗಿರಾಕಿಗಳು

1980ರ ದಶಕದ ತನ್ನ ಗೇಮ್ ಯಂತ್ರವನ್ನು ನಿಂಟೆಂಡೊ ಕಂಪನಿಯು 30 ಆಟಗಳನ್ನು ಒಳಗೇ ತುಂಬಿಸಿ, ಅಂಗೈಯಗಲಕ್ಕೆ ಕುಗ್ಗಿಸಿ 2016ರಲ್ಲಿ ಮತ್ತೆ ಮಾರಿದಾಗ, ಅದಕ್ಕೆ ಮುಗಿಬಿದ್ದವರಲ್ಲಿ ಬಾಲ್ಯದಲ್ಲಿ ಅದನ್ನು ಆಡಿದ್ದು ಈಗ ಸ್ವಂತ ಸಂಬಳ ಎಣಿಸುವವರೇ ಹೆಚ್ಚಿದ್ದಿರಬೇಕೆಂದು ನನ್ನ ಅಂದಾಜು.

ನಮ್ಮ ಕಾಸರಗೋಡಿನಲ್ಲಿ ಆ ನೆನಪಿನ ಬಣ್ಣವೇ ಬೇರೆ. ಗಲ್ಫಿನಿಂದ ರಜೆಗೆ ಬಂದವರ ಪೆಟ್ಟಿಗೆಯಿಂದ ಹೊರಬರುತ್ತಿದ್ದುದು ಬಹುಮಟ್ಟಿಗೆ ಅದರ ನಕಲು. ಹಳದಿ ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದು ಅಚ್ಚಾಗಿದ್ದರೂ ಒಳಗಿದ್ದವು ಬೆರಳೆಣಿಕೆಯವು, ಅವೇ ಬೇರೆ ಬೇರೆ ಹಂತಗಳಿಂದ ಶುರುವಾಗುತ್ತಿದ್ದವು. ಚಿತ್ರ ಕಲಸಿಹೋದರೆ ಕ್ಯಾಸೆಟ್ ಕಿತ್ತು, ಬುಡಕ್ಕೆ ಉಫ್ ಎಂದು ಊದಿ ಮತ್ತೆ ಸಿಕ್ಕಿಸಿದ ನಮ್ಮ ಪ್ರಾಯದವರಿಗೆ (ಊದಿದ್ದರಿಂದ ಲೋಹದ ತುದಿಗಳು ತುಕ್ಕು ಹಿಡಿಯಬಹುದೆಂದು ಆಗ ಯಾರಿಗೆ ಗೊತ್ತಿತ್ತು?) ಅಸಲಿಗಿಂತ ನಕಲೇ ಆಪ್ತ.

ಅಕ್ಕನ ಮಗನಿಗೆ ಈ ಹಂಬಲವೇನೂ ಇಲ್ಲ. “ಮಾಮಾ, ಇದರಲ್ಲಿ ಸೇವ್ ಮಾಡುವುದು ಎಲ್ಲಿ?” ಎಂದು ಕೇಳಿದವನು, ಸತ್ತರೆ ಮೊದಲಿನಿಂದಲೇ ಆಡಬೇಕೆಂದು ತಿಳಿದ ಮೇಲೂ ರಿಮೋಟ್ ಕೆಳಗಿಡಲಿಲ್ಲ.